ಮಾಸ್‌ಫೆಟ್ ಗೇಟಿಗೆ ಒಂದು ಟ್ರಾನ್ಸಿಸ್ಟರ್ ಸಾಕೇ, ಜೋಡಿ ಬೇಕೇ?

ಮಾಸ್‌ಫೆಟ್ ಎಂದರೆ ಬಲ್ಬ್, ಮೋಟಾರಿನಂಥವನ್ನು ಹಚ್ಚಿ ಆರಿಸುವ ಎಲೆಕ್ಟ್ರಾನಿಕ್ ಸ್ವಿಚ್; ಗೇಟ್ ಅದರ ನಿಯಂತ್ರಣ ತುದಿ. ಐಆರ್‌ಎಫ್‌ಝಡ್44ಎನ್ ಎಂಬ ಮಾಸ್‌ಫೆಟ್‌ನ ಗೇಟಿಗೆ ತುಂಬಬೇಕಾದ ವಿದ್ಯುದಾವೇಶ ಗರಿಷ್ಠ 63 ನ್ಯಾನೊಕೂಲಂಬ್. ಪೂರೈಕೆ 12 ವೋಲ್ಟ್ ಎಂದುಕೊಳ್ಳಿ.

ಒಂದೇ ಎನ್‌ಪಿಎನ್ ಟ್ರಾನ್ಸಿಸ್ಟರ್, ಮೇಲೆ ಪೂರೈಕೆಯ ಕಡೆಗೊಂದು 1 ಕಿಲೋಓಮ್ ರೋಧಕ: ಗೇಟನ್ನು ಖಾಲಿ ಮಾಡುವುದು ಟ್ರಾನ್ಸಿಸ್ಟರ್, ಅದು ತಟ್ಟನೆ ಆಗುತ್ತದೆ. ತುಂಬುವುದು ಮಾತ್ರ ರೋಧಕದ ಪಾಲು. 12 ಮಿಲಿಆಂಪಿಗಿಂತ ಹೆಚ್ಚು ಕೊಡಲಾರದು, ಐದು ಮೈಕ್ರೋಸೆಕೆಂಡಿಗೂ ಮಿಕ್ಕಿ ಎಳೆಯುತ್ತದೆ. ಬಲ್ಬಿಗೆ ಧಾರಾಳವಾಯಿತು. ಆದರೆ 20 ಕಿಲೋಹರ್ಟ್ಸ್‌ನಲ್ಲಿ ಹಚ್ಚಿ ಆರಿಸಿದರೆ ಆವರ್ತವೇ 50 ಮೈಕ್ರೋಸೆಕೆಂಡು; ಪ್ರತಿ ಸಲ ತುಂಬುವಾಗ ಮಾಸ್‌ಫೆಟ್ ಅರೆಬರೆ ತೆರೆದಿದ್ದು ಕಾಯುತ್ತದೆ. ಭಾರ (ಲೋಡ್) ಹೆಚ್ಚಿದ್ದರೆ ಮಾಸ್‌ಫೆಟ್ ಮುಟ್ಟಿದ ಬೆರಳು ಚುರ್ರೆನ್ನುತ್ತದೆ.

ಬಿಸಿ337 (ಎನ್‌ಪಿಎನ್), ಬಿಸಿ327 (ಪಿಎನ್‌ಪಿ) ಟ್ರಾನ್ಸಿಸ್ಟರುಗಳ ಎಮಿಟರ್ ಫಾಲೋವರ್ (ಕೊಟ್ಟ ವೋಲ್ಟೇಜನ್ನೇ ಹಿಂಬಾಲಿಸಿ ಕರೆಂಟನ್ನಷ್ಟೇ ಹೆಚ್ಚಿಸುವ) ಜೋಡಿ ಎರಡೂ ಕಡೆ ನೂರಾರು ಮಿಲಿಆಂಪ್ ದಬ್ಬಬಲ್ಲದು. ಆದರೆ ವೋಲ್ಟೇಜ್ ಏರಿಸುವುದಿಲ್ಲ: ಆರ್ಡುಯಿನೊ ಎಂಬ ಪುಟ್ಟ ನಿಯಂತ್ರಕ ಬೋರ್ಡಿನ 5 ವೋಲ್ಟ್ ನೇರ ಕೊಟ್ಟರೆ ಗೇಟಿಗೆ ದಕ್ಕುವುದು 4.3, ಈ ಮಾಸ್‌ಫೆಟ್ ಪೂರ್ತಿ ತೆರೆಯಲು ಅದು ಸಾಲದು. ಹಾಗಾಗಿ ಜೋಡಿಯ ಮುಂದೆ ಆ ಒಂಟಿ ಎನ್‌ಪಿಎನ್ ಬೇಕೇ ಬೇಕು. ಅದು ಸಂಕೇತವನ್ನು ತಲೆಕೆಳಗು ಮಾಡುತ್ತದೆ: ಸಂಕೇತವಿಲ್ಲದಾಗಲೇ ಮಾಸ್‌ಫೆಟ್ ಹಚ್ಚಿಕೊಳ್ಳುತ್ತದೆ. ಬೋರ್ಡ್ ಎಚ್ಚರಗೊಳ್ಳುವ ಮೊದಲೇ ಮೋಟಾರ್ ತಿರುಗಿ ನಾನೊಮ್ಮೆ ಬೆಚ್ಚಿಬಿದ್ದಿದ್ದೆ. ಆದರೂ ಮೋಟಾರಿಗೆ ನನ್ನ ಆಯ್ಕೆ ಜೋಡಿಯೇ.