ನೆರೆಯಲ್ಲಿ ದನ ಉಳಿಸ್ತೀವಿ ಅಂತ ದುಡ್ಡು ಕೇಳಿದರೆ, ಮೊದಲು ಊರಿನ ಹೆಸರು ಕೇಳಿ

2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಡ್ಯಾಮಿನಿಂದ ನೀರು ಬಿಟ್ಟಾಗ ಮಲಪ್ರಭಾ ಹೊಳೆ ಉಕ್ಕಿತು. ಪಟ್ಟದಕಲ್ಲಿನ ಗುಡಿಗಳಿಗೇ ನೀರು ನುಗ್ಗಿತ್ತು, ಇನ್ನು ದಂಡೆಯ ಹಳ್ಳಿಗಳ ಗತಿ ಕೇಳಬೇಕಾ? ಬಾದಾಮಿ ತಾಲ್ಲೂಕಿನ ನಮ್ಮ ಸೋದರಮಾವನ ಊರೂ ಅದರಲ್ಲಿತ್ತು.

ಅದೇ ವಾರ ಬೆಂಗಳೂರಿನ ನಮ್ಮ ಆಫೀಸಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಒಂದು ಮೆಸೇಜ್ ಬಂತು. 'ಮಲಪ್ರಭಾ ನೆರೆಯಲ್ಲಿ ಸಿಕ್ಕಿಬಿದ್ದ ಮೂಕಪ್ರಾಣಿಗಳನ್ನು ಬೋಟಿನಲ್ಲಿ ಸಾಗಿಸುತ್ತಿದ್ದೇವೆ, ಡೀಸೆಲ್‌ಗೆ ಹಣ ಬೇಕು, ಈಗಲೇ ಕಳಿಸಿ.' ಜೊತೆಗೆ ಒಂದು ಫೋಟೊ, ಒಂದು ಯುಪಿಐ ನಂಬರ್. ಎಲ್ಲರೂ ಕೈಲಾದಷ್ಟು ಹಾಕಿದೆವು. ಮಾವನ ಎಮ್ಮೆಗಳಿಗೂ ಸಹಾಯ ಆಗಲಿ ಅಂತ ನಾನು ಆ ನಂಬರಿಗೆ ಫೋನ್ ಮಾಡಿ ಊರಿನ ಹೆಸರು ಹೇಳಿದೆ. 'ಟೀಮ್ ಹೊರಟಿದೆ' ಅಂದರು. ಮರುದಿನದಿಂದ ಫೋನ್ ಸ್ವಿಚ್ ಆಫ್.

ಆಮೇಲೆ ಆ ಫೋಟೊವನ್ನು ಮಾವನಿಗೆ ಕಳಿಸಿದೆ. ಬಾಳೆದಿಂಡು ಜೋಡಿಸಿ ಕಟ್ಟಿದ ತೆಪ್ಪ, ಅದರ ಮೇಲೆ ಆಡುಗಳು, ಗಳ ಹಿಡಿದ ಒಬ್ಬ ಮನುಷ್ಯ. ಮಾವ ನೋಡಿದವರೇ, 'ಇದು ನಮ್ಮ ಹೊಳಿ ಅಲ್ಲಪಾ. ನಮ್ಮ ಕಡೆ ಬಾಳಿದಿಂಡಿನ ತೆಪ್ಪ ಯಾರು ಕಟ್ಟತಾರ?' ಅಂದರು. ಅಂಥ ತೆಪ್ಪ ಅಸ್ಸಾಂ ನೆರೆಯಲ್ಲಿ ಮಾಮೂಲು. ಎಲ್ಲಿಯದೋ ಹಳೇ ಫೋಟೊ ತಂದು ನಮ್ಮ ಹೊಳೆಯ ಹೆಸರು ಹಚ್ಚಿದ್ದರು.

ಮಾವನ ಎಮ್ಮೆಗಳು ಅಷ್ಟರಲ್ಲಾಗಲೇ ದಿಬ್ಬ ಹತ್ತಿದ್ದವು. ನೀರು ಏರುವ ಮೊದಲೇ ಊರವರು ಹಗ್ಗ ಬಿಚ್ಚಿ ಹೊಡೆದುಕೊಂಡು ಹೋಗಿದ್ದರು. ಆದರೆ ಮೇವಿನ ಬಣವಿ ಕೊಚ್ಚಿಹೋಗಿತ್ತು. ಒಂದು ದೊಡ್ಡ ಎಮ್ಮೆಗೆ ದಿನಕ್ಕೆ 5–6 ಕೆಜಿ ಒಣ ಮೇವಾದರೂ ಬೇಕು, ಅಲ್ವಾ? ಒದ್ದೆಯಾದ ಕಣಕಿ, ಅಂದರೆ ಜೋಳದ ದಂಟಿನ ಮೇವು, ಬೂಸ್ಟು ಹಿಡಿದಿತ್ತು, ಹಸಿದ ದನ ಅದಕ್ಕೇ ಬಾಯಿ ಹಾಕುತ್ತಿತ್ತು. ಯಾರೋ ಪುಣ್ಯಾತ್ಮರು ಗಂಜಿ ಕೇಂದ್ರದಲ್ಲಿ ಉಳಿದ ಅನ್ನ ತಂದು ಸುರಿದರು. ಅದು ಇನ್ನೂ ಅಪಾಯ. ರೂಢಿಯಿಲ್ಲದೆ ಅನ್ನ ಜಾಸ್ತಿ ತಿಂದರೆ ಹೊಟ್ಟೆಯಲ್ಲಿ ಆಮ್ಲ ಏರಿ ದನ ಸತ್ತೇ ಹೋಗಬಹುದು. ನಾವು ಹಾಕಿದ ದುಡ್ಡಿನಲ್ಲಿ ಒಂದು ಲೋಡ್ ಕಣಕಿ ಆ ದಿಬ್ಬಕ್ಕೆ ಹೋಗಿದ್ದರೆ! ಇವತ್ತಿಗೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಪ್ರಾಣಿ ಉಳಿಸುವ ಕೆಲಸಕ್ಕೆ ಹಣ ಕೊಡಲೇಬೇಡಿ ಅಂತ ನಾನು ಹೇಳುತ್ತಿಲ್ಲ. ನಿಜವಾಗಿ ನೀರಿಗಿಳಿಯುವವರಿಗೆ ಹಣ ಬೇಕೇ ಬೇಕು. ಆದರೆ ಯಾವ ಊರು, ಅಲ್ಲಿನ ಪಶು ಆಸ್ಪತ್ರೆಯ ಡಾಕ್ಟರಿಗೆ ನಿಮ್ಮ ಕೆಲಸ ಗೊತ್ತಾ, ಅಂತ ಕೇಳಿ. ಕೆಲಸ ಮಾಡುವವರು ತಡವರಿಸದೆ ಹೇಳುತ್ತಾರೆ. ಮೇವು ಕಳಿಸಿದ್ದೇವೆ ಅಂದರೆ ಲೋಡಿನ ತೂಕ ತೋರಿಸುವ ವೇಬ್ರಿಡ್ಜ್ ಚೀಟಿ ಕೇಳಿ. ಸಂಸ್ಥೆ ಅಂತ ಹೇಳಿಕೊಂಡು ಒಬ್ಬರ ಸ್ವಂತ ಖಾತೆಗೆ ಹಾಕಿ ಅಂದರೆ ಅಲ್ಲಿಗೇ ನಿಲ್ಲಿಸಿ. ದಾನ ಕೊಟ್ಟವರಿಗೆ ತೆರಿಗೆ ರಿಯಾಯಿತಿ ಸಿಗುವ 80ಜಿ ನೋಂದಣಿ ಇದೆ ಅಂದರೆ ಆದಾಯ ತೆರಿಗೆ ಇಲಾಖೆಯ ವೆಬ್‌ಸೈಟಿನಲ್ಲೇ ಹುಡುಕಿ ನೋಡಬಹುದು. ಯುದ್ಧದ ಊರುಗಳ ನಾಯಿ ಬೆಕ್ಕುಗಳ ಹೆಸರಲ್ಲಿ ಬರುವ ಮನವಿಗಳನ್ನೂ ಹೀಗೇ ನೋಡಿ. ಅಷ್ಟು ದೂರದ್ದನ್ನು ಯಾರು ವಿಚಾರಿಸುತ್ತಾರೆ ಅನ್ನುವ ಧೈರ್ಯ ಕಳ್ಳರಿಗಿರುತ್ತದೆ.

ನಮ್ಮ ರಾಜ್ಯದಲ್ಲಿ ದನಕರುಗಳ ತುರ್ತು ಚಿಕಿತ್ಸೆಗೆ 1962ಕ್ಕೆ ಫೋನ್ ಮಾಡಿ, ಅದು ಉಚಿತ. ದುಡ್ಡು ಈಗಾಗಲೇ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಹೇಳಿ. ನಮಗೆ ಆಗ ಆ ನಂಬರ್ ಇರಲಿಲ್ಲ. ಸಿಟ್ಟಲ್ಲಿ ಚಾಟ್ ಅಳಿಸಬೇಡಿ, ಹಣ ಕಳಿಸಿದ್ದರ ಗುರುತಾದ ಯುಟಿಆರ್ ನಂಬರ್ ಮತ್ತು ಸ್ಕ್ರೀನ್‌ಶಾಟ್ ದೂರಿಗೆ ಬೇಕಾಗುತ್ತವೆ.