ಆರ್ಕ್ನಿಯೋ, ಹೊರ ಹೆಬ್ರಿಡೀಸೋ?
ಸ್ಕಾಟ್ಲೆಂಡಿನ ದೂರದ ದ್ವೀಪಗಳನ್ನು ಕಾರು ಮತ್ತು ಫೆರಿಗಳಲ್ಲಿ ಸುತ್ತಬಯಸುವ ದಂಪತಿಗಳಿಗೆ ನಾಲ್ಕೇ ದಿನಗಳ ಬಿಡುವಿದ್ದರೆ ಆರ್ಕ್ನಿಯೇ ಮೇಲು: ಸ್ಕಾಟ್ಲೆಂಡಿನ ಉತ್ತರ ಕರಾವಳಿಯ ಸ್ಕ್ರಾಬ್‌ಸ್ಟರ್‌ನಿಂದ ಆರ್ಕ್ನಿಯ ಸ್ಟ್ರೋಮ್‌ನೆಸ್‌ಗೆ ಸುಮಾರು 90 ನಿಮಿಷಗಳ ಪಯಣ, 1850ರ ಬಿರುಗಾಳಿಯಿಂದ ಬಯಲಾದ, ಸುಮಾರು 5,000 ವರ್ಷ ಹಳೆಯ ಸ್ಕಾರಾ ಬ್ರೇ ಊರು ಅಲ್ಲಿಗೆ ಹತ್ತಿರ.

ಹತ್ತು ದಿನಗಳಿದ್ದವರಿಗೆ ಹೊರ ಹೆಬ್ರಿಡೀಸ್ ಹೆಚ್ಚು ಒಗ್ಗುತ್ತದೆ. ಪಶ್ಚಿಮ ಕರಾವಳಿಯ ಓಬನ್‌ನಿಂದ ಐದು ಗಂಟೆಗಳಷ್ಟು ಕಾಲ ಸಮುದ್ರದ ಮೇಲಿದ್ದು ದಕ್ಷಿಣದ ಬಾರಾ ದ್ವೀಪ ಸೇರಿ, ಅಲ್ಲಿಂದ ಉತ್ತರಕ್ಕೆ ಎರಡು ಸಣ್ಣ ಫೆರಿಗಳನ್ನೂ ದ್ವೀಪಗಳನ್ನು ಬೆಸೆಯುವ ಏರಿರಸ್ತೆಗಳನ್ನೂ ದಾಟುತ್ತಾ ಲೂಯಿಸ್ ತಲುಪುವ ಈ ದಾರಿಯಲ್ಲಿ, ಹ್ಯಾರಿಸ್‌ನ ಲಸ್ಕೆಂಟೈರ್ ಮರಳತೀರವೊಂದಕ್ಕೇ ಇಡೀ ದಿನ ಮೀಸಲಿಡಬೇಕೆಂಬುದು ನನ್ನ ಮತ (ಮಳೆ ಬಂದರೂ ಸರಿ). ರಸ್ತೆ ಹಲವೆಡೆ ಒಂದೇ ವಾಹನದಷ್ಟು ಅಗಲವಿದೆ. ಲೂಯಿಸ್, ಹ್ಯಾರಿಸ್‌ಗಳಲ್ಲಿ ಭಾನುವಾರ ಹೆಚ್ಚಿನ ಅಂಗಡಿಗಳು ಮುಚ್ಚಿರುವುದರಿಂದ ಪೆಟ್ರೋಲು, ದಿನಸಿಗಳನ್ನು ಶನಿವಾರವೇ ತುಂಬಿಸಿಕೊಳ್ಳಬೇಕು.