ಮಫ್ತಿಗೆ ಐದು ಸ್ಟಾರ್, ಯೂನಿಫಾರ್ಮ್‌ಗೆ ಎರಡೇ: ಸಂತೇಪೇಟೆ ಕಡೆಯ ನಾಟಕದ ಬಟ್ಟೆ ಅಂಗಡಿ

ಮೈಸೂರಿನಲ್ಲಿ ನಾಟಕಕ್ಕೆ ಬಟ್ಟೆ ಬಾಡಿಗೆಗೆ ಹುಡುಕುತ್ತಿದ್ದೀರಾ? ಅದೂ ಪೌರಾಣಿಕಕ್ಕಲ್ಲ, ಪೊಲೀಸು ಕಳ್ಳ ಇರುವ ಸಾಮಾಜಿಕ ನಾಟಕಕ್ಕೆ? ಹಾಗಾದರೆ ಸಂತೇಪೇಟೆ ಕಡೆಯ ಈ ಹಳೇ ಅಂಗಡಿ ಬಗ್ಗೆ ಓದಿ. ಹೆಸರು ಹಾಕುವುದಿಲ್ಲ, ಯಾಕೆಂದರೆ ಮುಂದೆ ಸ್ವಲ್ಪ ಬೈಗುಳವೂ ಇದೆ. ನಾಟಕದ ಗೀಳು ಇರುವವರಿಗೆ ಬಾಗಿಲಲ್ಲಿ ನೇತಾಡುವ ಭೀಮನ ಗದೆ ನೋಡಿದರೆ ಗೊತ್ತಾಗಿಬಿಡುತ್ತೆ.

ಮೊದಲೇ ಹೇಳಿಬಿಡುತ್ತೇನೆ. ಈ ಅಂಗಡಿ ಇರುವುದೇ ಪೌರಾಣಿಕ ನಾಟಕದವರಿಗೆ. ಕಿರೀಟ, ಭುಜಕೀರ್ತಿ, ಬಿಲ್ಲು, ಬತ್ತಳಿಕೆ, ದ್ರೌಪದಿಯ ಸೀರೆ, ಶಕುನಿಯ ದಾಳ, ಎಲ್ಲಾ ಅಟ್ಟದ ತನಕ ತುಂಬಿಕೊಂಡಿದೆ. ಮಂಡ್ಯ, ಪಾಂಡವಪುರ, ನಾಗಮಂಗಲ ಕಡೆ ಊರುಗಳಲ್ಲಿ ಸುಗ್ಗಿ ಮುಗಿದ ಮೇಲೆ ರಾತ್ರಿಯೆಲ್ಲಾ ಕುರುಕ್ಷೇತ್ರ ಆಡುತ್ತಾರಲ್ಲ, ಆ ಗಿರಾಕಿಗಳೇ ಇವರ ಜೀವ. ಹಬ್ಬ ಜಾತ್ರೆ ಸೀಸನ್ನಿನಲ್ಲಿ ಹೋದರೆ ನಿಮ್ಮನ್ನು ಮಾತಾಡಿಸುವವರೂ ಇರುವುದಿಲ್ಲ. ನಾವು ಹೋಗಿದ್ದು ಕಳೆದ ವರ್ಷದ ರಾಜ್ಯೋತ್ಸವಕ್ಕೆ, ಅಂದರೆ 2025ರ ನವೆಂಬರ್. ಅಂಗಡಿ ಖಾಲಿ ಇತ್ತು. ಯಜಮಾನರು ಕೂತು ಮಾತಾಡಿದರು.

ನಮ್ಮ ಬಡಾವಣೆಯ ನಾಟಕದ ಕಥೆ ಚಿಕ್ಕದು. ಕೊಲೆ ಕೇಸಿನಲ್ಲಿ ಸಜಾ ಆದವನೊಬ್ಬನನ್ನು ಜೈಲಿನಿಂದ ಆಸ್ಪತ್ರೆಗೆ ಚೆಕಪ್‌ಗೆ ಕರೆತರುತ್ತಾರೆ. ಅವನು ಬಾತ್‌ರೂಮ್ ಕಿಟಕಿಯಿಂದ ಪರಾರಿ. ಮಂಡ್ಯ ಹತ್ತಿರದ ಒಂದು ಆಲೆಮನೆಯಲ್ಲಿ ಒಲೆಗೆ ಕಬ್ಬಿನ ಸಿಪ್ಪೆ ತಳ್ಳುವ ಕೆಲಸಕ್ಕೆ ಸೇರಿಕೊಳ್ಳುತ್ತಾನೆ. ಆಲೆಮನೆ ಅಂದರೆ ಗೊತ್ತಲ್ಲ, ಸೀಸನ್ನಿನಲ್ಲಿ ರಾತ್ರಿ ಹಗಲು ಗಾಣ ಓಡುತ್ತಲೇ ಇರುತ್ತೆ, ದೂರದ ಊರುಗಳಿಂದ ಆಳುಗಳು ಬಂದು ಹೋಗುತ್ತಿರುತ್ತಾರೆ, ನೀನು ಯಾರು ಎತ್ತ ಅಂತ ಯಾರೂ ಜಾಸ್ತಿ ಕೆದಕುವುದಿಲ್ಲ. ತಲೆ ಮರೆಸಿಕೊಳ್ಳುವವನಿಗೆ ಇನ್ನೇನು ಬೇಕು? ಅವನನ್ನು ಹಿಡಿಯಲು ಒಬ್ಬ ಸಬ್ ಇನ್ಸ್‌ಪೆಕ್ಟರ್ ಮಫ್ತಿಯಲ್ಲಿ, ಕೂಲಿಯವನ ವೇಷದಲ್ಲಿ ಅದೇ ಆಲೆಮನೆಗೆ ಬರುತ್ತಾನೆ. ಅಷ್ಟೇ.

ಬಟ್ಟೆ ಜವಾಬ್ದಾರಿ ನನ್ನ ತಲೆ ಮೇಲೆ ಬಿದ್ದಿತ್ತು. ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ: ಎಸ್‌ಐ ಡ್ರೆಸ್ ಒಂದು, ಕಾನ್‌ಸ್ಟೆಬಲ್ ಎರಡು, ಕೈದಿ ಒಂದು, ಕೂಲಿ ವೇಷ ಒಂದು, ಗಡ್ಡ ಒಂದು, ಕೈಕೋಳ ಒಂದು.

ಯಜಮಾನರು ಚೀಟಿ ಓದಿ ಗಡ್ಡದ ಮೇಲೆ ಬೆರಳಿಟ್ಟರು. "ಇದ್ಯಾಕೆ ಸಾರ್?"

"ವೇಷ ಮರೆಸೋಕೆ ಯಜಮಾನ್ರೇ. ಕಳ್ಳನಿಗೆ ಗುರುತು ಸಿಗಬಾರದಲ್ಲ."

"ಕಳ್ಳನಿಗೆ ಸಿಗಬಾರದು ಸರಿ. ಹಿಂದಿನ ಸಾಲಲ್ಲಿ ಕೂತಿರೋ ಅಜ್ಜಿಗೆ?"

ಈ ಅಂಗಡಿಗೆ ನಾನು ಐದು ಸ್ಟಾರ್ ಕೊಡುತ್ತಿರುವುದು ಈ ಒಂದು ಪ್ರಶ್ನೆಗೆ. ಯೋಚನೆ ಮಾಡಿ. ನಿಜವಾದ ಪೊಲೀಸ್ ಮಫ್ತಿಯಲ್ಲಿ ಹೋದರೆ ಯಾರಿಗೂ ಗೊತ್ತಾಗಬಾರದು, ಅಲ್ಲಿಗೆ ಮುಗಿಯಿತು. ಸ್ಟೇಜ್ ಮೇಲಿನ ಪೊಲೀಸಿಗೆ ಕಷ್ಟ ಎರಡು ಕಡೆಯಿಂದ. ಎದುರಿಗೆ ನಿಂತ ಕೈದಿಗೆ ಅವನು ಪೊಲೀಸ್ ಅಂತ ಗೊತ್ತಾಗಬಾರದು, ಇನ್ನೂರು ಜನ ಪ್ರೇಕ್ಷಕರಿಗೆ ಮಾತ್ರ ಕಾಲಿಟ್ಟ ಕ್ಷಣವೇ ಗೊತ್ತಾಗಬೇಕು. ಗೊತ್ತಾಗದಿದ್ದರೆ ಅವರು "ಇವನ್ಯಾರು ಹೊಸಬ?" ಅಂತ ಪಕ್ಕದವರನ್ನು ಕೇಳುತ್ತಾ ಕೂರುತ್ತಾರೆ, ಅಷ್ಟರಲ್ಲಿ ಸೀನು ಮುಗಿದಿರುತ್ತೆ. ನಾವು ತಿಂಗಳಿಂದ ಪ್ರಾಕ್ಟೀಸ್ ಮಾಡುತ್ತಿದ್ದರೂ ನಮ್ಮಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ.

ಅವರ ಉಪಾಯ ಇಷ್ಟು. ಮುಖ ಮುಟ್ಟಬೇಡಿ, ಮೀಸೆ ಹಾಗೇ ಇರಲಿ. ಕುತ್ತಿಗೆಯಿಂದ ಕೆಳಗೆ ಎಲ್ಲಾ ಬದಲಾಯಿಸಿ. ತಲೆ ಮಾತ್ರ ಮುಚ್ಚಿ, ಯಾಕೆಂದರೆ ಪೊಲೀಸರ ಕಟಿಂಗ್ ದೂರದಿಂದಲೇ ಗೊತ್ತಾಗುತ್ತೆ, ಆಲೆಮನೆ ಆಳಿಗೆ ಕಿವಿ ಮೇಲೆ ಅಷ್ಟು ನೀಟಾಗಿ ಕೂದಲು ತೆಗೆಸುವ ಪುರುಸೊತ್ತು ಎಲ್ಲಿ? ಅದಕ್ಕೆ ಒಂದು ಹಳೇ ಟವಲ್ ಸುತ್ತಿಕೊಟ್ಟರು. ಒಳಗಿನಿಂದ ಒಂದು ಗಂಟು ತಂದು ಬಿಚ್ಚಿದರು ನೋಡಿ, ಬೆವರಿನ ಕಲೆ ಇರುವ ಬನಿಯನ್ನು, ಒಲೆ ಕಿಡಿ ಹಾರಿ ಅಲ್ಲಲ್ಲಿ ತೂತು ಬಿದ್ದ ಲುಂಗಿ, ಒಂದು ಕಡೆ ಸವೆದು ಪಟ್ಟಿಗೆ ಪಿನ್ನು ಹಾಕಿದ ಹವಾಯಿ ಚಪ್ಪಲಿ. ಎಲ್ಲಾ ಒಗೆದು ಮಡಚಿಟ್ಟಿದ್ದರು, ವಾಸನೆ ಇರಲಿಲ್ಲ, ಕಲೆ ಮಾತ್ರ ಬೇಕೆಂದೇ ಬಿಟ್ಟಿದ್ದು. ಹೊಸ ಲುಂಗಿ ಕೇಳಿದ್ದಕ್ಕೆ ಕೊಡಲಿಲ್ಲ. ಹೊಸ ಲುಂಗಿ ಉಟ್ಟುಕೊಂಡು ಕೊಪ್ಪರಿಗೆ ಮುಂದೆ ನಿಲ್ಲುವವನು ಪೊಲೀಸೇ ಆಗಿರಬೇಕು ಎಂದರು.

ಚಪ್ಪಲಿ ಬಗ್ಗೆ ಇನ್ನೊಂದು ಮಾತು. ಎಸ್‌ಐ ಪಾತ್ರ ಮಾಡಿದವರು ಬ್ಯಾಂಕಿನವರು, ಮೊದಲ ಸೀನಿನಲ್ಲಿ ಬೂಟು ಹಾಕಿ ದಪ ದಪ ನಡೆಯುತ್ತಾರೆ. ಯಜಮಾನರು ಆ ಬೂಟನ್ನೂ ಈ ಚಪ್ಪಲಿಯನ್ನೂ ಒಟ್ಟಿಗೇ ಮನೆಗೆ ಕಳಿಸಿ, ಎರಡೂ ಹಾಕಿಕೊಂಡು ನಡೆದು ನೋಡಿ, ನಡಿಗೆ ತಾನೇ ಬದಲಾಗುತ್ತೆ ಎಂದಿದ್ದರು. ಬದಲಾಯಿತು. ಆದರೆ ಕೈದಿ ಬೆನ್ನು ತಿರುಗಿಸಿದ ಕೂಡಲೇ ಮತ್ತೆ ಬೂಟಿನ ನಡಿಗೆ ಬರಬೇಕು ಅಂತ ನಾವೇ ಸೇರಿಸಿಕೊಂಡೆವು. ಚಪ್ಪಲಿಯಲ್ಲಿ ಎದೆ ಸೆಟೆದು ನಡೆದರೆ ಚಟ್ ಚಟ್ ಅಂತ ಸದ್ದು ಬೇರೆ. ಜನ ಬಿದ್ದು ಬಿದ್ದು ನಕ್ಕರು.

ಅಂಟಿಸುವ ಗಡ್ಡ ಬೇಡವೇ ಬೇಡ ಎಂದಿದ್ದಕ್ಕೆ ಬೇರೆ ಕಾರಣವೂ ಇತ್ತು. ಗೋಂದು ಬೆವರಿಗೆ ಬಿಟ್ಟುಕೊಳ್ಳುತ್ತೆ. ಒಲೆ ಸೀನಿಗೆ ಕೆಂಪು ಲೈಟು ಹಾಕುತ್ತೀರಿ, ಆ ಶೆಕೆಗೆ ಗಡ್ಡ ಒಂದು ಕಡೆ ಜಾರಿದರೆ ಕಥೆ ಅಲ್ಲೇ ಮುಗೀತು. ಒಂದು ವಾರ ಶೇವಿಂಗ್ ಬಿಡಿ, ದುಡ್ಡೂ ಉಳಿಯುತ್ತೆ ಎಂದರು. ತಮ್ಮ ಬಾಡಿಗೆಯನ್ನು ತಾವೇ ಕಡಿಮೆ ಮಾಡಿಕೊಳ್ಳುವ ವ್ಯಾಪಾರಸ್ಥರು ಈಗ ಎಷ್ಟು ಜನ ಸಿಗುತ್ತಾರೆ ಹೇಳಿ.

ಇನ್ನು ಬೈಗುಳ.

ಪೊಲೀಸ್ ಯೂನಿಫಾರ್ಮ್ ವಿಚಾರದಲ್ಲಿ ಇವರು ಪೂರ್ತಿ ಅಸಡ್ಡೆ. ಎಸ್‌ಐ ಅಂತ ಸ್ಪಷ್ಟವಾಗಿ ಹೇಳಿದ್ದರೂ ಬಂದ ಶರ್ಟಿನ ಹೆಗಲ ಮೇಲೆ ಮೂರು ಸ್ಟಾರ್, ಕೆಳಗೆ ಪಟ್ಟಿ ಇಲ್ಲ. ಸಬ್ ಇನ್ಸ್‌ಪೆಕ್ಟರ್‌ಗೆ ಎರಡು ಸ್ಟಾರ್, ತುದಿಯಲ್ಲಿ ಕೆಂಪು ನೀಲಿ ಪಟ್ಟಿ. ಮೂರು ಸ್ಟಾರ್ ಜೊತೆ ಆ ಪಟ್ಟಿ ಇದ್ದರೆ ಇನ್ಸ್‌ಪೆಕ್ಟರ್. ಮೂರು ಸ್ಟಾರ್ ಇದ್ದು ಪಟ್ಟಿ ಇಲ್ಲ ಅಂದರೆ ಡಿವೈಎಸ್‌ಪಿ. ಅಂದರೆ ನಮ್ಮ ಎಸ್‌ಐ ಸಾಹೇಬರಿಗೆ ಅಂಗಡಿಯಲ್ಲೇ ಪ್ರಮೋಷನ್ ಆಗಿತ್ತು! ಡಿವೈಎಸ್‌ಪಿ ಒಬ್ಬರು ಲುಂಗಿ ಉಟ್ಟು ಆಲೆಮನೆ ಒಲೆಗೆ ಸಿಪ್ಪೆ ತಳ್ಳುತ್ತಾರಾ? ಬೇರೆ ಊರಿನಲ್ಲಾದರೆ ನಡೆಯುತ್ತಿತ್ತೇನೋ. ಮೈಸೂರು ಪೊಲೀಸ್ ಅಕಾಡೆಮಿ ಇರುವ ಊರು, ಪ್ರತಿ ಬಡಾವಣೆಯಲ್ಲೂ ಒಬ್ಬರಾದರೂ ರಿಟೈರ್ಡ್ ಪೊಲೀಸರು ಇರುತ್ತಾರೆ, ಅವರು ಮೊದಲ ಸಾಲಿನಲ್ಲೇ ಕೂರುತ್ತಾರೆ. ವಾಪಸ್ ಹೋಗಿ ಕೇಳಿದರೆ ಅಂಗಡಿಯ ಹುಡುಗ "ಸ್ಟೇಜ್ ಮೇಲೆ ಅದೆಲ್ಲಾ ಯಾರು ನೋಡ್ತಾರೆ ಅಂಕಲ್" ಎಂದ. ಅರ್ಜುನನ ಭುಜಕೀರ್ತಿಯನ್ನು ಕರ್ಣನಿಗೆ ಕೊಟ್ಟರೆ ಇದೇ ಅಂಗಡಿಯಲ್ಲಿ ಜಗಳವೇ ಆಗುತ್ತೆ, ಎಸ್‌ಐ ಸ್ಟಾರ್‌ಗೆ ಮಾತ್ರ ಲೆಕ್ಕ ಇಲ್ಲ. ಕೊನೆಗೆ ಒಂದು ಸ್ಟಾರ್ ಕಿತ್ತು, ಮನೆಯಲ್ಲಿದ್ದ ರಿಬ್ಬನ್ ಹೊಲಿಸಿಕೊಂಡೆವು.

ಟೋಪಿ ವಿಷಯದಲ್ಲಿ ಅವರನ್ನು ಬೈಯುವುದಿಲ್ಲ. ಕಾನ್‌ಸ್ಟೆಬಲ್‌ಗಳ ಸ್ಲೌಚ್ ಹ್ಯಾಟ್ ಹೋಗಿ ನೀಲಿ ಪೀಕ್ ಕ್ಯಾಪ್ ಬಂದದ್ದು 2025ರ ಅಕ್ಟೋಬರ್ ಕೊನೆಯಲ್ಲಿ, ನಮ್ಮ ನಾಟಕ ಅದಾದ ಮೇಲೆ ಸ್ವಲ್ಪ ದಿನಕ್ಕೇ. ಅಷ್ಟರಲ್ಲಿ ಯಾವ ಬಾಡಿಗೆ ಅಂಗಡಿಯವರು ಹೊಸದು ತರಿಸುತ್ತಾರೆ? ನಾವು ಸ್ಲೌಚ್ ಹ್ಯಾಟ್‌ನಲ್ಲೇ ಆಡಿದೆವು. ನನಗಂತೂ ಸ್ಟೇಜ್ ಮೇಲೆ ಅದೇ ಚೆನ್ನಾಗಿ ಕಾಣುತ್ತೆ, ಒಂದು ಕಡೆ ಮಡಚಿದ ಆ ಅಂಚು ನೋಡಿದ ಕೂಡಲೇ ಕರ್ನಾಟಕದ ಪೇದೆ ಅಂತ ಗೊತ್ತಾಗುತ್ತಿತ್ತು. ಈಗ ಹೋಗುವವರು ಹೊಸ ಕ್ಯಾಪ್ ಬಂದಿದೆಯಾ ಅಂತ ಫೋನಲ್ಲೇ ಕೇಳಿಕೊಳ್ಳಿ.

ಕೈದಿ ಡ್ರೆಸ್ ಅಂದರೆ ಇವರ ಹತ್ತಿರ ಕಪ್ಪು ಬಿಳಿ ಅಡ್ಡಪಟ್ಟೆಯದು. ಸಿನಿಮಾ ನೋಡಿ ಹೊಲಿಸಿದ್ದು. ನಮ್ಮ ಜೈಲುಗಳಲ್ಲಿ ಸಜಾಬಂದಿಗಳಿಗೆ ಬಿಳಿ ಬಟ್ಟೆ. ಇನ್ನೂ ವಿಚಾರಣೆ ನಡೆಯುತ್ತಿರುವವರಾದರೆ ತಮ್ಮದೇ ಬಟ್ಟೆ ಹಾಕಿಕೊಳ್ಳುತ್ತಾರೆ. ನಮ್ಮ ಕಥೆಯಲ್ಲಿ ಇದು ಮುಖ್ಯ, ಯಾಕೆಂದರೆ ಪರಾರಿಯಾದವನು ಮೊದಲು ಮಾಡುವ ಕೆಲಸವೇ ಯಾರದ್ದೋ ಹಗ್ಗದ ಮೇಲೆ ಒಣಗುತ್ತಿರುವ ಶರ್ಟು ಕದಿಯುವುದು. ಪಟ್ಟೆ ಬಟ್ಟೆ ವಾಪಸ್ ಕೊಟ್ಟು, ಒಂದು ಬಿಳಿ ಪೈಜಾಮ ಶರ್ಟು ತೆಗೆದುಕೊಂಡೆವು. ತಕರಾರಿಲ್ಲದೆ ಬದಲಾಯಿಸಿಕೊಟ್ಟರು, ಬಾಡಿಗೆಯೂ ಕಡಿಮೆಯಾಯಿತು.

ಕೈಕೋಳ ಮಾತ್ರ ದಯವಿಟ್ಟು ಇಲ್ಲಿ ತೆಗೆದುಕೊಳ್ಳಬೇಡಿ. ತಗಡಿನದು, ಬೀಗ ಇಲ್ಲ, ಬದಿಯ ಗುಂಡಿ ಒತ್ತಿದರೆ ಬಿಚ್ಚಿಕೊಳ್ಳುತ್ತೆ. ಕೊನೇ ಸೀನಿನಲ್ಲಿ ಎಸ್‌ಐ ಡೈಲಾಗ್ ಹೊಡೆಯುತ್ತಿರುವಾಗ ಅದು ತಾನಾಗೇ ಬಿಚ್ಚಿ ಕೆಳಗೆ ಬಿತ್ತು. ಪಾಪ, ಕೈದಿ ಪಾತ್ರದ ಹುಡುಗ ಅದನ್ನು ಎತ್ತಿ ತಾನೇ ಹಾಕಿಕೊಂಡ. ಆ ಸೀನಿಗೋಸ್ಕರ ನಾಟಕ ಬರೆದವರು ಎಷ್ಟು ತಲೆ ಕೆಡಿಸಿಕೊಂಡಿದ್ದರು ಗೊತ್ತಾ? ಕೈದಿಗಳಿಗೆ ಸುಮ್ನೆ ಮಾಮೂಲಿಯಾಗಿ ಕೋಳ ಹಾಕುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 1980ರಲ್ಲೇ ಹೇಳಿದೆ, ಅದಕ್ಕೆ ಆಸ್ಪತ್ರೆ ಸೀನಿನಲ್ಲಿ ಅವನ ಕೈಗೆ ಕೋಳ ಇಲ್ಲ. ಆದರೆ ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 43ನೇ ಸೆಕ್ಷನ್‌ನಲ್ಲಿ, ಕಸ್ಟಡಿಯಿಂದ ತಪ್ಪಿಸಿಕೊಂಡವನನ್ನು ಹಿಡಿಯುವಾಗ ಹಾಕಬಹುದು ಅಂತಿದೆ. ಮೊದಲ ಸೀನಿನಲ್ಲಿ ಇಲ್ಲದ ಕೋಳ ಕೊನೇ ಸೀನಿನಲ್ಲಿ ಬೀಳಬೇಕು, ಅದೇ ನಾಟಕದ ಮಜಾ. ಅದು ಠಣ್ ಅಂತ ನೆಲಕ್ಕೆ ಬಿತ್ತು.

ವ್ಯವಹಾರದ ವಿಷಯಕ್ಕೆ ಬರೋಣ. ಕಿರೀಟ ಗದೆಗೆ ಏನೂ ಕೇಳುವುದಿಲ್ಲ, ಪೊಲೀಸ್ ಡ್ರೆಸ್ಸಿಗೆ ಮಾತ್ರ ಆಧಾರ್ ಜೆರಾಕ್ಸ್ ಮತ್ತು ಸಂಘದ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಬೇಕು. ಕೆಲವರಿಗೆ ಇದು ಕಿರಿಕಿರಿ ಅನಿಸಬಹುದು, ನನಗೆ ಸರಿ ಅನಿಸಿತು. ಮೋಸ ಮಾಡುವ ಉದ್ದೇಶದಿಂದ ಸರ್ಕಾರಿ ನೌಕರರ ಉಡುಪು ತೊಟ್ಟರೆ ನ್ಯಾಯ ಸಂಹಿತೆಯ 205ನೇ ಸೆಕ್ಷನ್ ಪ್ರಕಾರ 3 ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ನಾಟಕಕ್ಕೆ ಇದು ತಗಲುವುದಿಲ್ಲ, ಆದರೂ ಡ್ರೆಸ್ ಹಾಕಿಕೊಂಡೇ ಸ್ಕೂಟರ್‌ನಲ್ಲಿ ಮನೆಗೆ ಹೋಗುವ ಶೋಕಿ ಬೇಡ. ನಮ್ಮ ಕಾನ್‌ಸ್ಟೆಬಲ್ ಪಾತ್ರದವರೊಬ್ಬರು ಹಾಗೇ ಟೀ ಕುಡಿಯಲು ಹೊರಟಿದ್ದರು, ಹಿಡಿದು ಕೂರಿಸಿದೆವು.

ಬಾಡಿಗೆ ದಿನದ ಲೆಕ್ಕ. ಅಡ್ವಾನ್ಸ್ ಬೇರೆ, ಅದು ವಾಪಸ್ ಬರುತ್ತೆ. ಚೌಕಾಸಿ ನಡೆಯುತ್ತೆ, ಆದರೆ ಯಜಮಾನರು ಇರುವಾಗ ಮಾತ್ರ. ಹುಡುಗನ ಹತ್ತಿರ ನಡೆಯಲ್ಲ. ಯುಪಿಐ ಇದೆ. ಬಿಲ್ ಕೇಳಿದರೆ ಹಳೇ ಕಾಲದ ಕಾರ್ಬನ್ ಇಟ್ಟ ಪುಸ್ತಕದಲ್ಲಿ ಬರೆದು ಕೊಡುತ್ತಾರೆ. ಪಾರ್ಕಿಂಗ್ ಮಾತೇ ಎತ್ತಬೇಡಿ, ಕಾರು ದೂರದಲ್ಲೆಲ್ಲಾದರೂ ಬಿಟ್ಟು ನಡೆದು ಬನ್ನಿ.

ಒಟ್ಟಿನಲ್ಲಿ ನೀವು ಹೋದರೆ ಹೀಗೆ ಮಾಡಿ. ಮಫ್ತಿ ಬಟ್ಟೆ, ಚಪ್ಪಲಿ, ಟವಲ್ ಕಣ್ಣು ಮುಚ್ಚಿಕೊಂಡು ಇಲ್ಲಿಂದ ತನ್ನಿ, ಪಾತ್ರ ಎಲ್ಲಿ ಅಡಗಿದೆ, ಏನು ಕೆಲಸ ಮಾಡುತ್ತೆ ಅಂತ ಯಜಮಾನರಿಗೆ ಬಿಡಿಸಿ ಹೇಳಿ, ಬಾಕಿ ಅವರೇ ನೋಡಿಕೊಳ್ಳುತ್ತಾರೆ. ಯೂನಿಫಾರ್ಮ್ ತೆಗೆದುಕೊಳ್ಳುವುದಾದರೆ ಸ್ಟಾರ್ ಎಣಿಸಿಯೇ ಅಂಗಡಿ ಬಿಡಿ. ವಾಪಸ್ ಕೊಡುವಾಗ ಮಾತ್ರ ಬೆಳಿಗ್ಗೆ ಹನ್ನೊಂದರ ಒಳಗೆ ಹೋಗಿ, ಆಮೇಲೆ ಹೋದರೆ ಇನ್ನೊಂದು ದಿನದ ಬಾಡಿಗೆ ಹಿಡಿಯುತ್ತಾರೆ. ನಾವು ಕಿತ್ತ ಆ ಮೂರನೇ ಸ್ಟಾರ್‌ಗೂ ಇಪ್ಪತ್ತು ರೂಪಾಯಿ ಹಿಡಿದರು.